ಹಗುರವಾದ ರೋಗಿ ಬೇಕಾಗಿದ್ದಾರೆ

ಹೊಳೆಯ ಈಚೆ ದಡ ವಿಯೆಟ್ನಾಂ, ಆಚೆ ದಡ ಚೀನಾ. ಎರಡೂ ಕಡೆ ಆಡುವುದು ಒಂದೇ ನುಂಗ್ ಮಾತು. ಹೆಣ್ಣು ಕೊಟ್ಟು ತಂದ ಬಂಧುಗಳು, ಈಚೆಯ ಸೊಳ್ಳೆ ಆಚೆ ಊಟ ಮುಗಿಸಿ ಬರುವಷ್ಟು ಹತ್ತಿರದವರು. ಆದರೂ ಕಳೆದ ವರ್ಷ ದೊಡ್ಡವರು ದುಭಾಷಿಗಳನ್ನು ಕಟ್ಟಿಕೊಂಡು ಬಂದು, ಕಾಯಿಲೆ ಕಸಾಲೆಯಲ್ಲಿ ನೆರೆಯವರು ಒಬ್ಬರಿಗೊಬ್ಬರು ಆಗಬೇಕೆಂದು ಒಪ್ಪಂದ ಮಾಡಿಕೊಟ್ಟು ಹೋದರು. ಈಚೆಯ ರೋಗಿ ಸೇತುವೆ ದಾಟಿ ಆಚೆಯ ಆಸ್ಪತ್ರೆ ಸೇರಬಹುದು ಎಂದಾಯಿತು. ಆಮೇಲೆ ಒಬ್ಬ ರೋಗಿಯೂ ದಾಟಲಿಲ್ಲ. ಒಪ್ಪಂದ ಜಾರಿಗೆ ಬರುವ ಮುನ್ನ ಅದರದೊಂದು ಅಣಕು ಪ್ರದರ್ಶನ ಆಗಬೇಕಂತೆ.

ರೋಗಿಯ ಪಾತ್ರಕ್ಕೆ ಸಿಯೆನ್ ಆಯ್ಕೆಯಾದಳು. ಸಂತೆಯಲ್ಲಿ ಅಕ್ಕಿ ಶಾವಿಗೆ ಮಾರುವ ಆ ಹೆಂಗಸಿನಲ್ಲಿ ಆರೋಗ್ಯಾಧಿಕಾರಿ ತ್ವಾನ್ ಕಂಡ ಒಂದೇ ಗುಣವೆಂದರೆ ತೂಕವಿಲ್ಲದಿರುವುದು. ಸ್ಟ್ರೆಚರ್ ಹೊರಬೇಕಾದವರು ಅವನ ಕಚೇರಿಯವರು. ಅವರು ಚಹಾದ ಲೋಟಕ್ಕಿಂತ ಭಾರವಾದದ್ದನ್ನು ಎತ್ತಿದವರಲ್ಲ.

"ಸಿಯೆನಕ್ಕ, ನಿಮ್ಮ ಕೆಲಸ ಸುಲಭ. ಡೆಂಗಿ ಬಂದೋರ ಹಾಗೆ ಮಲಗೋದು. ಯಜಮಾನ್ರು ಪಕ್ಕದಲ್ಲಿ ಅಳ್ತಾ ಬರೋದು. ಆ ಕಡೆ ಡೇರೆಯೊಳಗೆ ಹೋಗಿ, ಗುಣ ಆಗಿ, ಎದ್ದು ಬಂದು ಸಾಹೇಬ್ರುಗಳ ಕೈ ಕುಲುಕೋದು. ಒಂದು ಸೊಳ್ಳೆ ಪರದೆ ಉಚಿತ."

"ಅಷ್ಟು ಬೇಗ ಗುಣ ಆಗುತ್ತಾ?"

"ಎರಡು ದೇಶ ಸೇರಿದ್ರೆ ಆಗದೆ ಇರುತ್ತಾ?"

ಅಳಬೇಕಾಗಿದ್ದ ಗಂಡ ಫುಂಗ್ ಅಷ್ಟರಲ್ಲಿ ನಿಜವಾದ ಡೆಂಗಿ ಹಿಡಿಸಿಕೊಂಡು ಹಾಸಿಗೆ ಹಿಡಿದ. ಪ್ರದರ್ಶನದ ಹಿಂದಿನ ದಿನ ಜ್ವರ ಇಳಿಯಿತು, ಆದರೆ ವಾಂತಿ ನಿಲ್ಲಲಿಲ್ಲ, ಒಸಡಿನಿಂದ ರಕ್ತ ಜಿನುಗತೊಡಗಿತು. ಈಚೆಯ ಆಸ್ಪತ್ರೆಗೆ ಹೋಗುವ ಗುಡ್ಡದ ರಸ್ತೆ ಮಳೆಗೆ ಕುಸಿದಿತ್ತು. ಆಚೆಯ ಆಸ್ಪತ್ರೆ ಹೊಸ್ತಿಲಲ್ಲಿ ನಿಂತರೆ ಕಾಣುತ್ತದೆ. ಆದರೆ ಆ ದಡದುದ್ದಕ್ಕೂ ಮುಳ್ಳುಬೇಲಿ. ಸೇತುವೆ ಬಿಟ್ಟರೆ ದಾರಿಯಿಲ್ಲ.

ಸಿಯೆನ್ ಓಡಿದಾಗ ತ್ವಾನ್ ಸೇತುವೆಯ ಕಂಬಕ್ಕೆ ಬಣ್ಣದ ಬಟ್ಟೆ ಕಟ್ಟಿಸುತ್ತಿದ್ದ.

"ನಮ್ಮನೆಯವರ ಬಾಯಲ್ಲಿ ರಕ್ತ ಬರ್ತಿದೆ. ಇವತ್ತೇ ದಾಟಿಸಿ."

"ಎಂಥಾ ಹೊತ್ತಲ್ಲಿ ಹೇಳ್ತಿದೀರಕ್ಕ. ನಾಳೆ ಪ್ರದರ್ಶನ, ಸೇತುವೆ ಬಂದ್ ಆಗಿದೆ. ನಡುವೆ ನಿಜವಾದ ರೋಗಿ ಬಂದ್ರೆ ಎಲ್ಲಾ ಕಲಸುಮೇಲೋಗರ ಆಗುತ್ತೆ."

"ಮತ್ತೆ ಒಪ್ಪಂದ?"

"ಅದನ್ನೇ ಅಲ್ವಾ ನಾಳೆ ತೋರಿಸೋದು? ನೀವು ಚಿಂತೆ ಮಾಡ್ಬೇಡಿ, ಪಕ್ಕದಲ್ಲಿ ಅಳೋಕೆ ಬೇರೆ ಗಂಡನ್ನ ಗೊತ್ತು ಮಾಡ್ತೀನಿ."

"ಬೇಡ. ಇರೋನೇ ಬರ್ತಾನೆ."

ಮರುದಿನ ಬೆಳಿಗ್ಗೆ ಅವಳು ತನ್ನ ನೀಲಿ ಅಂಗಿಯನ್ನು ಗಂಡನಿಗೆ ತೊಡಿಸಿ, ತನ್ನ ತಲೆವಸ್ತ್ರವನ್ನು ಅವನ ತಲೆಗೆ ಸುತ್ತಿದಳು. ಜ್ವರದಲ್ಲಿ ಸೊರಗಿ ಅವನೂ ಅವಳಷ್ಟೇ ಹಗುರಾಗಿದ್ದ.

"ಮೀಸೆ?" ಎಂದು ಫುಂಗ್ ನರಳಿದ.

"ಪ್ರದರ್ಶನಕ್ಕೆ ಅಂತ ಕೊಟ್ಟ ಮಾಸ್ಕ್ ಇದೆಯಲ್ಲ. ಬಾಯಿ ಮುಚ್ಕೊಂಡು ಮಲಗು. ಒಂದ್ಸಲ ಆದ್ರೂ ನಾನು ಹೇಳಿದ್ದು ಕೇಳು."

ಅವನ ಕೋಟು, ಟೋಪಿ, ಮಾಸ್ಕ್ ಹಾಕಿಕೊಂಡು ಅವಳು ಅಳುವ ಗಂಡನಾದಳು. ಆ ಪಾತ್ರಕ್ಕೆ ಅವಳಿಗೆ ಅಭ್ಯಾಸ ಬೇಕಿರಲಿಲ್ಲ.

ವಾದ್ಯ ಮೊಳಗಿತು, ಸ್ಟ್ರೆಚರ್ ಸೇತುವೆ ಏರಿತು. ನಡುಸೇತುವೆಯಲ್ಲಿ ಅದನ್ನು ಇಳಿಸಿ ಎರಡು ಕಡೆಯ ಸಾಹೇಬರು ಸ್ನೇಹದ ಬಗ್ಗೆ ಭಾಷಣ ಮಾಡಿದರು. "ಎಷ್ಟು ಸಹಜವಾಗಿ ನರಳ್ತಾಳೆ ನೋಡಿ" ಎಂದು ಒಬ್ಬರು ಮೆಚ್ಚಿದರು. ಇನ್ನೇನು ಹೊರಡಬೇಕು, ಛಾಯಾಗ್ರಾಹಕ ಕೈ ಎತ್ತಿದ. ಫೋಟೋದಲ್ಲಿ ಒಂದೇ ದೇಶದ ಬಾವುಟ ಬಂದಿತ್ತು. ರೋಗಿಯನ್ನು ಮತ್ತೆ ಈಚೆ ದಡಕ್ಕೆ ಹೊತ್ತು ತಂದು, ಮೊದಲಿನಿಂದ ಹೊರಡಿಸಿದರು. ಸಿಯೆನ್ ಹೊದಿಕೆಯೊಳಗೆ ಕೈಯಿಟ್ಟು ಗಂಡನ ಕೈ ಮುಟ್ಟಿದಳು. ಅದು ತಣ್ಣಗಾಗಿತ್ತು. ಅವಳಿಗೆ ಆ ಬಾವುಟಗಳನ್ನು ಕಿತ್ತು ಹೊಳೆಗೆ ಎಸೆಯುವಷ್ಟು ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು.

ಡೇರೆಯಲ್ಲಿದ್ದ ಆಚೆಯ ಡಾಕ್ಟರ್ ವೇಯ್ ಚಿಕ್ಕ ವಯಸ್ಸಿನವಳು, ಅವಳ ತಾಯಿಯ ತವರು ಸಿಯೆನ್‌ಳ ಊರೇ. ಅವಳು ರೋಗಿಯ ಮಾಸ್ಕ್ ಇಳಿಸಿದರೆ ಕಂಡದ್ದು ಮೀಸೆ, ಮೀಸೆಯ ಕೆಳಗೆ ರಕ್ತ.

"ಚಿಕ್ಕಮ್ಮ, ಇದು ಚಿಕ್ಕಪ್ಪ ಅಲ್ವಾ? ಇವರನ್ನ ಈಗಲೇ ಆಸ್ಪತ್ರೆಗೆ ಸೇರಿಸ್ಬೇಕು."

ಹಿಂದೆಯೇ ನುಗ್ಗಿದ ತ್ವಾನ್ ಬೆವರಿಬಿಟ್ಟ. "ರೋಗಿ ಹೆಂಗಸು ಅಂತ ಎರಡೂ ಸರ್ಕಾರಕ್ಕೆ ತಿಳಿಸಿ ಆಗಿದೆ. ಮೊದಲು ಇವರನ್ನ ವಾಪಸ್ ಕಳಿಸಿ."

ಸಿಯೆನ್ ಟೋಪಿ ತೆಗೆದಳು. "ಹೊರಗೆ ನಿಮ್ಮ ಸಾಹೇಬ್ರು ಕೈ ಚಾಚ್ಕೊಂಡು ನಿಂತಿದಾರೆ. ಇವನು ಹಿಂದಿನಿಂದ ಆಸ್ಪತ್ರೆಗೆ ಹೋದ್ರೆ, ನಾನು ಮುಂದಿನಿಂದ ಗುಣ ಆಗಿ ಬರ್ತೀನಿ. ಇಲ್ಲಾಂದ್ರೆ ಈ ಮೀಸೆ ಹೆಂಗಸನ್ನೇ ಎಬ್ಬಿಸಿ, ಕೈ ಕುಲುಕಿಸಿ."

ಮೇಲಿನವರ ಅಪ್ಪಣೆಯಿಲ್ಲದೆ ತ್ವಾನ್ ತನ್ನ ನೌಕರಿಯಲ್ಲಿ ಮೊದಲ ಬಾರಿಗೆ ಒಂದು ತೀರ್ಮಾನ ತೆಗೆದುಕೊಂಡ. ಡೇರೆಯ ಹಿಂದಿನ ಪರದೆಯನ್ನು ತಾನೇ ಎತ್ತಿ ಹಿಡಿದ.

ಅವಳು ತಲೆವಸ್ತ್ರ, ಅಂಗಿಯನ್ನು ಮರಳಿ ತೊಟ್ಟು ಹೊರಗೆ ಬಂದಳು. ಚಪ್ಪಾಳೆಯೋ ಚಪ್ಪಾಳೆ. ವಸ್ತ್ರದಂಚಿನಲ್ಲಿದ್ದ ರಕ್ತವನ್ನು ಯಾರೂ ನೋಡಲಿಲ್ಲ, ಅಳುತ್ತಿದ್ದ ಗಂಡ ಎಲ್ಲಿ ಹೋದನೆಂದು ಯಾರೂ ಕೇಳಲಿಲ್ಲ. ಅವಳು ಎಲ್ಲರ ಕೈ ಕುಲುಕಿದಳು, ಕೊಟ್ಟ ಸೊಳ್ಳೆ ಪರದೆ ತೆಗೆದುಕೊಂಡಳು.

ಫುಂಗ್ ಬದುಕಿದ. ಡಾಕ್ಟರ್ ವೇಯ್ ಗೇಟಿನವರಿಗೆ ಏನು ಹೇಳಿದಳೋ, ಮುಂದೆ ಒಂದು ದಿನ ಸೇತುವೆಯ ಮೇಲೆ ನಡೆದೇ ಮನೆಗೆ ಬಂದ. ಪ್ರದರ್ಶನವಂತೂ ದೊಡ್ಡವರಿಗೆ ಎಷ್ಟು ಹಿಡಿಸಿತೆಂದರೆ, ಒಪ್ಪಂದದ ಜಾರಿಯನ್ನು ಮುಂದಕ್ಕೆ ಹಾಕಿ, ಪ್ರದರ್ಶನವನ್ನೇ ಪ್ರತಿವರ್ಷ ನಡೆಸುವುದೆಂದು ನಿರ್ಧರಿಸಿದರು.

ಮರುವರ್ಷ ರೋಗಿಯ ಪಾತ್ರಕ್ಕೆ ಜನ ಹುಡುಕಿಕೊಂಡು ತ್ವಾನ್ ಬಂದಾಗ ಸಿಯೆನ್‌ಳ ಅಂಗಳದಲ್ಲಿ ಸಾಲು ನಿಂತಿತ್ತು. ಮಗು ಎತ್ತಿಕೊಂಡ ಬಾಣಂತಿ, ಕೆಮ್ಮುವ ಮುದುಕಿ, ಹೊಟ್ಟೆ ಹಿಡಿದುಕೊಂಡ ಹರ್ನಿಯಾದವನು, ಎಲ್ಲರೂ ಊಟ ಬಿಟ್ಟು ಹಗುರಾಗಿದ್ದರು. ತ್ವಾನ್ ಗದರಲಿಲ್ಲ. ಸಿಯೆನ್‌ಳ ಹತ್ತಿರ ಬಂದು ದನಿ ತಗ್ಗಿಸಿದ.

"ಅಕ್ಕ, ನಮ್ಮಮ್ಮನ ಕಿಡ್ನೀಲಿ ಕಲ್ಲು. ಅವರೂ ಹಗುರಾನೇ ಇದಾರೆ."

ಅವಳು ಶಾವಿಗೆಯ ಹಿಟ್ಟಿನಿಂದ ಕೈ ತೆಗೆಯಲಿಲ್ಲ. "ಸಾಲಲ್ಲಿ ನಿಂತ್ಕೊಳ್ಳಿ."

ಆರೋಗ್ಯಾಧಿಕಾರಿ ಹೋಗಿ ಹರ್ನಿಯಾದವನ ಹಿಂದೆ ನಿಂತ.