ಅಮ್ಮಣ್ಣಿಯಕ್ಕನ ಮದಗ

ಕಾಪು ಪೇಟೆಯಲ್ಲಿ ಅರ್ಜಿ ಎಂದರೆ ಹೆರಾಲ್ಡ್ ಮಾಸ್ಟ್ರು. ಇದನ್ನು ನಾನೇ ಹೇಳಿಕೊಳ್ಳಬಾರದು, ಆದರೆ ಬೇರೆ ಯಾರೂ ಹೇಳದ ಕಾರಣ ಹೇಳುತ್ತಿದ್ದೇನೆ. ಇಪ್ಪತ್ತು ವರ್ಷ ಟೈಪಿಂಗ್ ಕಲಿಸಿದೆ. ಕಲಿಯುವವರು ಇಲ್ಲದಾದಾಗ ಟೈಪ್‌ರೈಟರುಗಳನ್ನು ಗುಜರಿಗೆ ಹಾಕಿ ಒಂದು ಕಂಪ್ಯೂಟರ್, ಒಂದು ಜೆರಾಕ್ಸ್ ಮೆಷಿನ್ ತಂದೆ. ಮನೆಯಲ್ಲಿ ಕೊಂಕಣಿ, ರಸ್ತೆಯಲ್ಲಿ ತುಳು, ನನ್ನ ಅಂಗಡಿಯ ಮೆಟ್ಟಿಲು ಹತ್ತಿದ ಮೇಲೆ ಎಲ್ಲರಿಗೂ ಕನ್ನಡ. ಸರ್ಕಾರಕ್ಕೆ ಹೋಗುವ ಮಾತು ಶುದ್ಧವಾಗಿರಬೇಕೆಂಬುದು ನನ್ನ ಹಠ. ಜನ 'ತೋಡು' ಎಂದರೆ 'ಕಾಲುವೆ' ಎಂದೇ ಟೈಪ್ ಮಾಡುವವನು ನಾನು. ಹೈಸ್ಕೂಲಿನಲ್ಲಿ ಕನ್ನಡ ಪಂಡಿತರು ಬೆನ್ನು ತಟ್ಟಿದ ಅಮಲು ಇನ್ನೂ ಇಳಿದಿರಲಿಲ್ಲ.

೨೦೦೬ರ ಜನವರಿಯಲ್ಲಿ ಅಮ್ಮಣ್ಣಿಯಕ್ಕ ಬಂದರು. ಶಂಕರಪುರದ ಆಚೆ ಅವರ ಮನೆ. ಗಂಡ ತೀರಿಹೋದ ಮೇಲೆ ಅಂಗಳದ ಮೂವತ್ತು ಮಲ್ಲಿಗೆ ಗಿಡಗಳಿಂದಲೇ ಬದುಕು ಕಟ್ಟಿದವರು.

"ಮಾಸ್ಟ್ರೇ, ಹೊಸ ಕಾನೂನು ಬಂದಿದೆಯಂತೆ. ನಾವು ಬರೆದು ಕೇಳಿದರೆ ಸರ್ಕಾರ ಹೇಳಲೇಬೇಕಂತೆ. ಹೌದಾ?"

"ಹೌದು, ಮಾಹಿತಿ ಹಕ್ಕು. ಎಂತ ಕೇಳಬೇಕು?"

"ನಮ್ಮ ಮನೆಯ ಹಿಂದಿನ ಮದಗ ಯಾರದ್ದು ಅಂತ. ಪಕ್ಕದ ಜಾಗ ತೆಗೆದುಕೊಂಡ ಜನ ಅದೂ ತಮ್ಮದೇ ಅನ್ನುತ್ತಾರೆ. ಟಿಪ್ಪರಿನಲ್ಲಿ ಮಣ್ಣು ತಂದು ಸುರಿಸುತ್ತಿದ್ದಾರೆ. ಮದಗ ಮುಚ್ಚಿದರೆ ನನ್ನ ಬಾವಿ ಒಣಗುತ್ತದೆ. ಬಾವಿ ಒಣಗಿದರೆ ಮತ್ತೆ ಮಲ್ಲಿಗೆ ಉಂಟಾ?"

ಅವರು ಹೇಳಿದ್ದನ್ನು ನಾನು ಚಂದದ ಕನ್ನಡಕ್ಕೆ ಇಳಿಸಿದೆ. ಸರ್ವೆ ನಂಬರ್ ಹಾಕಿ, 'ಸದರಿ ಸ್ಥಳದಲ್ಲಿರುವ ಪುರಾತನ ಕೆರೆಯ ದಾಖಲೆಗಳ ದೃಢೀಕೃತ ಪ್ರತಿಯನ್ನು ಒದಗಿಸಬೇಕಾಗಿ ವಿನಂತಿ' ಎಂದು ಬರೆದು, ಗಟ್ಟಿಯಾಗಿ ಓದಿ ಹೇಳಿದೆ. ಅಮ್ಮಣ್ಣಿಯಕ್ಕ ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವರು. ತಲೆಯಾಡಿಸಿ ಸಹಿ ಹಾಕಿದರು. ಮಾಸ್ಟ್ರ ಎದುರು ಬಾಯಿ ತೆರೆಯುವುದು ಹೇಗೆ ಎಂದುಕೊಂಡಿರಬೇಕು.

ಕಚೇರಿಯಿಂದ ಇಪ್ಪತ್ತೆಂಟನೆಯ ದಿನ ಉತ್ತರ ಬಂತು. ಒಂದೇ ಸಾಲು: 'ಸದರಿ ಸರ್ವೆ ನಂಬರಿನಲ್ಲಿ ಕೆರೆ ಇರುವ ಬಗ್ಗೆ ಯಾವುದೇ ದಾಖಲೆ ಇರುವುದಿಲ್ಲ.'

ಅಮ್ಮಣ್ಣಿಯಕ್ಕ ಆ ಕಾಗದವನ್ನು ಸೆರಗಿನಲ್ಲಿ ಸುತ್ತಿಕೊಂಡು ನನ್ನ ಅಂಗಡಿಯ ಬೆಂಚಿನ ಮೇಲೆ ಕುಳಿತರು. ಅಷ್ಟರಲ್ಲಿ ಮದಗದ ಕಾಲು ಭಾಗ ಕೆಂಪು ಮಣ್ಣಿನಡಿ ಹೋಗಿತ್ತು.

"ಕಚೇರಿಗೆ ಹೋಗಿ ಕೇಳಿದರೆ ಕಂಪ್ಯೂಟರಿನಲ್ಲೇ ಇಲ್ಲ ಅಂತಾರೆ ಮಾಸ್ಟ್ರೇ. ಹಾಗಾದರೆ ನಾನು ಇಷ್ಟು ವರ್ಷ ನೀರು ಸೇದಿದ್ದು ಎಲ್ಲಿಂದ?"

ನನಗೆ ಸಿಟ್ಟು ನೆತ್ತಿಗೇರಿತು. ಕಚೇರಿಯವರಿಗೆ ಹಿಡಿಶಾಪ ಹಾಕುತ್ತಾ, 'ಪುರಾತನ ಕೆರೆ' ಎಂದು ಮತ್ತೆ ಗಟ್ಟಿಯಾಗಿ ಹೇಳಿಕೊಂಡು ಮೇಲ್ಮನವಿ ಬರೆಯಲು ಕುಳಿತೆ. ಆಗ ರೇಷನ್ ಕಾರ್ಡ್ ಜೆರಾಕ್ಸ್ ಮಾಡಿಸಲು ಬಂದು ನಿಂತಿದ್ದವನು ಸಿದ್ದಣ್ಣ. ಬಾಗಲಕೋಟೆ ಕಡೆಯ ಗಾರೆ ಕೆಲಸದವನು, ಉದ್ಯಾವರದಲ್ಲಿ ವಾಸ. ನಮ್ಮ ಮಾತು ಕೇಳಿ ನಕ್ಕುಬಿಟ್ಟ.

"ಯಕ್ಕಾ, ಆ ಹೊಂಡಕ್ಕ ಕೆರಿ ಅಂತ ಬರದೀರೇನ್ರಿ? ಅಲ್ಲೇ ಬಾಜು ಮನಿ ಕಟ್ಟಾಕ ಹೋದಾಗ ಅದರಾಗ ಕೈಕಾಲು ತೊಳ್ಕೊಂಡೀನಿ. ನಮ್ಮ ಊರಾಗ ಕೆರಿ ಅಂದ್ರ ಈ ದಂಡಿಗೆ ನಿಂತ್ರ ಆ ದಂಡಿ ಕಾಣಂಗಿಲ್ಲ. ಅದು ಕೆರಿ ಅಲ್ಲ ಬಿಡ್ರಿ."

ಅಮ್ಮಣ್ಣಿಯಕ್ಕ ಥಟ್ಟನೆ ತಲೆಯೆತ್ತಿದರು. "ನಾನೆಲ್ಲಿ ಕೆರೆ ಅಂದೆ? ನಾನು ಹೇಳಿದ್ದು ಮದಗ. ಅಜ್ಜಿ ಹೇಳುತ್ತಿದ್ದುದೂ ಮದಗ. ಊರಿನವರೆಲ್ಲ ಹೇಳುವುದೂ ಮದಗ."

ಇಬ್ಬರೂ ನನ್ನನ್ನು ನೋಡಿದರು. ನಾನು ಕಂಪ್ಯೂಟರ್ ನೋಡಿದೆ.

ಪರೀಕ್ಷೆಗೆಂದು ಬೇರೆ ಹಾಳೆಯಲ್ಲಿ 'ಮದಗ' ಎಂದು ಟೈಪ್ ಮಾಡಿ, 'ಕೆರೆ' ಎಂದು ಹುಡುಕಲು ಹೇಳಿದೆ. ಇಲ್ಲ ಎಂದಿತು. ಯಂತ್ರ ಸುಳ್ಳು ಹೇಳಲಿಲ್ಲ, ಕಚೇರಿಯವರೂ ಹೇಳಲಿಲ್ಲ. ಇಲ್ಲದ ಪದವನ್ನು ಹುಡುಕಲು ಕೊಟ್ಟವನು ನಾನು. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ. ನಾಚಿಕೆಯಾಯಿತು, ಅದನ್ನು ಬಾಯಿಬಿಟ್ಟೇ ಹೇಳಿದೆ.

"ತಪ್ಪು ನನ್ನದು ಅಮ್ಮಣ್ಣಿಯಕ್ಕಾ. ಈಗ ನೀವು ಹೇಳಿ, ನಾನು ಬರೆಯುತ್ತೇನೆ. ಒಂದಕ್ಷರ ಮುಟ್ಟುವುದಿಲ್ಲ."

ಅವರು ಹೇಳಿದರು, ನಾನು ಬರೆದೆ. ಆ ಅರ್ಜಿಯಲ್ಲಿ ಮದಗ ಇತ್ತು, ಅದರ ಮೂಡುಬದಿಯ ತೋಡೂ ಇತ್ತು. ನನ್ನ ಜೀವಮಾನದಲ್ಲೇ ಅಷ್ಟು ಕಚ್ಚಾ ಅರ್ಜಿ ಟೈಪ್ ಮಾಡಿರಲಿಲ್ಲ.

ಮತ್ತೆ ಮೂವತ್ತು ದಿನ ಕಾಯಬೇಕು, ಟಿಪ್ಪರುಗಳು ಕಾಯುತ್ತವೆಯೇ? ಅಮ್ಮಣ್ಣಿಯಕ್ಕ ಅದಕ್ಕೂ ದಾರಿ ಹುಡುಕಿದರು. ಬೆಳಿಗ್ಗೆ ಮೊಗ್ಗು ಕೊಯ್ದು ತಂದು, ಟಿಪ್ಪರ್ ಬರುವ ದಾರಿಯ ನಡುವೆ ಚಾಪೆ ಹಾಸಿ, ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುತ್ತಾ ಕುಳಿತರು. ಮರುದಿನ ನೆರೆಮನೆಯ ರೋಸಲಿನ್ ಬಾಯಿಯೂ ತಮ್ಮ ಹೂವಿನ ಬುಟ್ಟಿ ಹಿಡಿದು ಬಂದರು. ಆಮೇಲೆ ಇನ್ನೂ ಆರು ಮಂದಿ ಸೇರಿದರು. ಡ್ರೈವರುಗಳು ಹಾರ್ನ್ ಹೊಡೆದರು, ಬೈದರು, ಕೊನೆಗೆ ಬೀಡಿ ಸೇದಿ ವಾಪಸು ಹೋದರು. ಹೂ ಕಟ್ಟುವ ಹೆಂಗಸರನ್ನು ಎಬ್ಬಿಸಲು ಯಾರಿಗೂ ಧೈರ್ಯ ಬರಲಿಲ್ಲ.

ಮಾರ್ಚ್ ಕೊನೆಗೆ ದಪ್ಪ ಲಕೋಟೆ ಬಂತು. ಒಡೆದು ನೋಡಿದೆ. ಒಳಗೆ ಬ್ರಿಟಿಷರ ಕಾಲದ ಜಮೀನು ದಾಖಲೆಯ ಪ್ರತಿ, ಅದರಲ್ಲಿ ಯಾವನೋ ಶ್ಯಾನುಭೋಗನ ಓರೆ ಅಕ್ಷರ: 'ಮದಗ ಪರಂಬೋಕು, ಮೂವತ್ತೆಂಟು ಸೆಂಟ್ಸು.' ಪರಂಬೋಕು ಎಂದರೆ ಸರ್ಕಾರದ ಜಾಗ, ಯಾರೊಬ್ಬರ ಸ್ವಂತದ್ದೂ ಅಲ್ಲ. ಆ ಶ್ಯಾನುಭೋಗ ನನ್ನ ಹಾಗೆ ಪಂಡಿತನಾಗಿರಲಿಲ್ಲ, ದೇವರ ದಯೆ. ಊರಿನವರು ಹೇಳಿದ್ದನ್ನೇ ಬರೆದಿದ್ದ.

ಆ ಕಾಗದವನ್ನು ಹತ್ತು ಜೆರಾಕ್ಸ್ ಮಾಡಿದೆ. ಅಮ್ಮಣ್ಣಿಯಕ್ಕ ಅದನ್ನು ಎದೆಗೆ ಒತ್ತಿಕೊಂಡು ಪಂಚಾಯತಿಗೂ ಹೋದರು, ತಹಶೀಲ್ದಾರರಲ್ಲಿಗೂ ಹೋದರು. ವಾರದೊಳಗೆ ಟಿಪ್ಪರುಗಳು ಮತ್ತೆ ಬಂದವು, ಈ ಸಲ ಮಣ್ಣು ತೆಗೆದುಕೊಂಡು ಹೋಗಲು. ಆ ಬೇಸಿಗೆ ಅವರ ಬಾವಿ ತಳ ಕಾಣಲಿಲ್ಲ.

ಮಳೆ ಶುರುವಾಗುವ ಮುಂಚೆ ಪಂಚಾಯತಿಯ ಭೋಜ ಒಂದು ಬೋರ್ಡಿನ ಬರಹ ತಂದ: 'ಸಾರ್ವಜನಿಕ ಕೆರೆ. ಅತಿಕ್ರಮಣ ನಿಷೇಧಿಸಿದೆ.' ನಾನು 'ಕೆರೆ'ಯನ್ನು ಹೊಡೆದು ಹಾಕಿದೆ.

"ಎಂತ ಮಾಸ್ಟ್ರೇ, ಮದಗ ಅಂದರೆ ತುಳು ಅಲ್ವಾ? ಬೋರ್ಡಿಗೆ ಶುದ್ಧ ಕನ್ನಡ ಬೇಕು ಅಂತ ನೀವೇ ಹೇಳುವವರು."

"ಸರ್ಕಾರದ ದಾಖಲೆಯಲ್ಲೇ ಉಂಟು ಮಾರಾಯ, ಬರೆ!" ಎಂದು ಗದರಿದೆ.

ಬೋರ್ಡ್ ನೆಟ್ಟ ದಿನ ಅಂಗಡಿ ಮುಚ್ಚಿ ನಾನೂ ಹೋದೆ. ಸಿದ್ದಣ್ಣ ಕಂಬಕ್ಕೆ ಸಿಮೆಂಟ್ ಹಾಕಿ ಪಕ್ಕಕ್ಕೆ ಸರಿದು ನಿಂತ. ಅಮ್ಮಣ್ಣಿಯಕ್ಕ ಬೋರ್ಡಿನ ಹತ್ತಿರ ಬಂದು, ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ಓದಿದರು.

"ಮ... ದ... ಗ."

ಆಮೇಲೆ ನನ್ನ ಕಡೆ ತಿರುಗಿದರು.

"ಮಾಸ್ಟ್ರೇ, ಇದು ನಾನು ಹೇಳಿದ ಹಾಗೆಯೇ ಉಂಟು."

"ಹೌದು ಅಮ್ಮಣ್ಣಿಯಕ್ಕಾ, ನೀವು ಹೇಳಿದ ಹಾಗೆಯೇ," ಎಂದೆ. ಪಂಡಿತರು ಬೆನ್ನು ತಟ್ಟಿದ ದಿನವೂ ನನಗೆ ಅಷ್ಟು ಹೆಮ್ಮೆಯಾಗಿರಲಿಲ್ಲ.