ಮೇಲಿನ ಬೀದಿಯ ನೀರು

ನಮ್ಮ ಮನೆ ಸುಡಲಿಲ್ಲ. ಈಗ ಇದನ್ನು ಯಾರ ಮುಂದೆಯೂ ಜೋರಾಗಿ ಹೇಳುವ ಹಾಗಿಲ್ಲ. ಗುಡ್ಡದ ಕಾಡಿಗೆ ಹತ್ತಿದ ಬೆಂಕಿ ಮೇಲಿನ ಬೀದಿಯ ನಲವತ್ತೊಂದು ಮನೆಗಳನ್ನು ಒಂದೇ ಮಧ್ಯಾಹ್ನದಲ್ಲಿ ಮುಗಿಸಿ, ಕೆಳಗಿನ ಬೀದಿಯ ತಲೆಗೆ ಬಂದು ನಿಂತಿತು. ನಾವಿರುವುದು ಕೆಳಗಿನ ಬೀದಿಯಲ್ಲಿ. ಅಂಗಡಿಗೆ ಹೋಗಿ ಒಂದು ಪೊರಕೆ ಕೊಂಡರೂ ಮೇಲಿನ ಬೀದಿಯವರು ಅದನ್ನೇ ನೋಡುತ್ತಾರೆ. ಗುಡಿಸುವುದಕ್ಕೆ ನೆಲ ಉಳಿದಿದೆಯಲ್ಲ ಇವಳಿಗೆ ಎಂದು ನೋಡುತ್ತಾರೆ ಅಂತ ನನಗೆ ಅನಿಸುತ್ತದೆ. ಹಾಗೇನೂ ಇಲ್ಲ, ಸುಮ್ಮನೆ ನೋಡುತ್ತಾರೆ ಅಂತ ಇವರು ಹೇಳುತ್ತಾರೆ. ಇವರ ಪಾಲಿಗೆ ಲೋಕದಲ್ಲಿ ಎಲ್ಲರೂ ಒಳ್ಳೆಯವರೇ.

ಇವರು ಎಂದರೆ ನನ್ನ ಗಂಡ. ಬಡಾವಣೆಗೆ ನೀರು ಬಿಡುವ ಕೆಲಸ. ಎದೆಯೆತ್ತರದ ಕಬ್ಬಿಣದ ಚಾವಿ ಹೆಗಲಿಗೇರಿಸಿಕೊಂಡು ಹೋಗಿ, ರಸ್ತೆಯ ಮುಚ್ಚಳ ತೆಗೆದು, ಒಂದು ಬೀದಿಯ ವಾಲ್ವು ಮುಚ್ಚಿ ಇನ್ನೊಂದರದ್ದು ತೆರೆಯುತ್ತಾರೆ. ಇಪ್ಪತ್ತಾರು ವರ್ಷದಿಂದ ಜನರ ಬಾಯಲ್ಲಿ ನೀರಣ್ಣ. ಈ ಇಪ್ಪತ್ತಾರು ವರ್ಷದಲ್ಲಿ ಗುಡ್ಡದ ಮೇಲಿನ ಟ್ಯಾಂಕು ಬೆಳಗಿನ ಏಳು ಗಂಟೆಗೆ ತುಂಬಿರದ ದಿನ ಒಂದೂ ಇಲ್ಲ. ಜ್ವರ ಬಂದಾಗಲೂ ಕಂಬಳಿ ಹೊದ್ದುಕೊಂಡೇ ಹೋಗಿ ಪಂಪು ಹಾಕಿ ಬಂದವರು. ಬೇರೆ ಯಾವುದರಲ್ಲೂ ಜಂಬ ಇಲ್ಲದ ಮನುಷ್ಯನಿಗೆ ಅದೊಂದು ಜಂಬ.

ಬೆಂಕಿಯ ದಿನವೂ ಟ್ಯಾಂಕು ತುಂಬಿ ಮೇಲಿನ ಪೈಪಿನಿಂದ ಸೋರುತ್ತಿತ್ತು. ತಿಂಡಿ ಡಬ್ಬಿ ಕೊಡಲು ಹೋದವಳು ನಾನೇ ಕಣ್ಣಾರೆ ನೋಡಿದ್ದೇನೆ. ಮಧ್ಯಾಹ್ನ ಎರಡಕ್ಕೆ ಪೊಲೀಸರು ಮೈಕು ಹಿಡಿದು ಮೇಲಿನ ಬೀದಿಯನ್ನು ಖಾಲಿ ಮಾಡಿಸಿದರು. ಜನ ಹೋಗುವಾಗ ಒಂದು ಕೆಲಸ ಮಾಡಿದರು. ಯಾರು ಯಾರಿಗೆ ಹೇಳಿಕೊಟ್ಟರೋ, ಮನೆಮನೆಯ ಟ್ಯಾಪುಗಳನ್ನೆಲ್ಲ ತೆರೆದಿಟ್ಟು, ತೋಟದ ಪೈಪನ್ನು ಚಾವಣಿಗೆ ಕಟ್ಟಿ ಹೊರಟರು. ನೀರು ಸುರಿಯುತ್ತಿದ್ದರೆ ಮನೆ ಉಳಿಯುತ್ತದೆ ಎಂಬ ಆಸೆ. ಅವರ ಜಾಗದಲ್ಲಿ ನಾನಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ. ಆದರೆ ನಲವತ್ತೊಂದು ಖಾಲಿ ಮನೆ ಸೇರಿ ಒಂದೇ ಗಂಟೆಯಲ್ಲಿ ಟ್ಯಾಂಕಿನ ತಳ ಕಾಣಿಸಿಬಿಟ್ಟವು. ಕೆಳಗಿನ ಬೀದಿಯಲ್ಲಿ ಆಸ್ಪತ್ರೆ. ಹಾಸಿಗೆ ಹಿಡಿದ ರೋಗಿಗಳನ್ನು ಇನ್ನೂ ಸಾಗಿಸುತ್ತಿದ್ದರು. ಅಲ್ಲಿದ್ದ ಫೈರ್ ಎಂಜಿನ್ನಿಗೆ ನೀರು ಬರುತ್ತಿಲ್ಲವೆಂದು ಫೋನು ಬಂತು. ಇವರು ಮೇಲಿನ ಬೀದಿಯ ವಾಲ್ವು ಮುಚ್ಚಿದರು.

ಆ ಬೀದಿಯ ಕೊನೆಯ ಮನೆ ಇವರ ಸ್ವಂತ ಅಕ್ಕನದು.

ಇದನ್ನೆಲ್ಲ ಇವರು ನನಗೆ ಎರಡನೇ ದಿನವೇ ಹೇಳಿದರು. ಅಕ್ಕನಿಗೆ ಹೇಳಲಿಲ್ಲ. ನಾನೂ ಬೇಡ ಎಂದೆ. ಮನೆ ಕಳೆದುಕೊಂಡವರಿಗೆ ತಮ್ಮನೂ ಕಳೆದುಹೋಗುವುದು ಬೇಡ ಎಂದು ಅಂದೆ. ಅಷ್ಟು ಒಳ್ಳೆಯವಳೇನಲ್ಲ ನಾನು. ಒಂದೇ ಸೂರಿನಡಿ ಆ ಜಗಳ ನೋಡುವ ಶಕ್ತಿ ನನಗಿರಲಿಲ್ಲ, ಅಷ್ಟೆ.

ಇವರ ಅಕ್ಕ, ಎಂದರೆ ನನ್ನ ಅತ್ತಿಗೆ, ಬೆಂಕಿಯ ದಿನದಿಂದ ನಮ್ಮ ಮನೆಯಲ್ಲೇ ಇದ್ದರು. ಗಂಡ ತೀರಿಕೊಂಡು ಬಹಳ ವರ್ಷವಾಯಿತು, ಮಕ್ಕಳಿಲ್ಲ. ಪೇಟೆಯ ಪ್ರೆಸ್ಸಿನಲ್ಲಿ ಪುಸ್ತಕ ಹೊಲಿಯುವ ಕೆಲಸ. ಮೇಣ ಸವರಿದ ದಾರದಲ್ಲಿ ಹಾಳೆಗಳ ಬೆನ್ನು ಹೊಲಿದು, ಕೊನೆಯಲ್ಲಿ ಒಂದು ಗಂಟು ಹಾಕುತ್ತಾರೆ. ಅವರು ಹೊಲಿದ ಪುಸ್ತಕದ ರಟ್ಟು ಹರಿದರೂ ಹಾಳೆ ಉದುರುವುದಿಲ್ಲ ಎಂದು ಪ್ರೆಸ್ಸಿನ ಮಾಲೀಕ ಹೇಳುತ್ತಿರುತ್ತಾನೆ. ಗಂಟು ಹಾಕುವುದರಲ್ಲಿ ಅತ್ತಿಗೆಯದು ಎತ್ತಿದ ಕೈ. ಹಾಗಾಗಿಯೇ ಈ ಫಜೀತಿ.

ಅವರೂ ಪೈಪು ಕಟ್ಟಿದ್ದರು. ಏಣಿ ಹತ್ತಿ, ಚಾವಣಿಯ ಮೇಲಿನ ಆಂಟೆನಾ ಕಂಬಕ್ಕೆ. ನೀರು ಹೆಂಚಿನ ಮೇಲೆ ಸರಿಯಾಗಿ ಬೀಳುವುದನ್ನು ನೋಡಿಯೇ ಇಳಿದಿದ್ದರು. ಮತ್ತೆ ಮನೆ ಹೇಗೆ ಸುಟ್ಟಿತು? ಹತ್ತೊಂಬತ್ತು ದಿನ ಅವರ ಬಾಯಲ್ಲಿ ಇದೊಂದೇ ಪ್ರಶ್ನೆ. ಹಾಲಿನವಳನ್ನೂ ಬಿಡಲಿಲ್ಲ.

"ಅವಸರದಲ್ಲಿ ಒಂದು ಸುತ್ತು ಕಮ್ಮಿ ಸುತ್ತಿದ್ನೇನೋ. ಪೈಪ್ ಜಾರಿರ್ಬೇಕು. ನೀನಾಗಿದ್ರೆ ಹೇಗೆ ಕಟ್ತಿದ್ದೆ?"

ಹಾಲಿನವಳು ಕ್ಯಾನು ಕೆಳಗಿಟ್ಟು ಗಾಳಿಯಲ್ಲಿ ಗಂಟು ಹಾಕಿ ತೋರಿಸಿದಳು. ಅತ್ತಿಗೆ ತಲೆಯಾಡಿಸಿದರು. ನಮ್ಮ ಬಟ್ಟೆ ಒಣಗುವ ಹಗ್ಗವನ್ನು ದಿನಕ್ಕೆ ಎರಡು ಸಲ ಬಿಚ್ಚಿ ಕಟ್ಟುತ್ತಿದ್ದರು. ಪರದೆಯ ದಾರ, ಹಳೇ ಪೇಪರಿನ ಕಟ್ಟು, ನನ್ನ ಲಂಗದ ಲಾಡಿ, ಯಾವುದೂ ತಪ್ಪಿಸಿಕೊಳ್ಳಲಿಲ್ಲ. ಒಗೆದ ಬಟ್ಟೆಯಲ್ಲಿ ಮೂರು ಸಲ ಜಾಲಿಸಿದರೂ ಹೊಗೆಯ ವಾಸನೆ. ಅದರ ಮೇಲೆ ಹಗ್ಗ ಬಿಚ್ಚಿ ಬಟ್ಟೆ ನೆಲಕ್ಕೆ ಬಿದ್ದರೆ ನನಗೆ ಅಳು ಬರುತ್ತಿತ್ತು. ಬೈಯಲು ಬಾಯಿ ಬರುತ್ತಿರಲಿಲ್ಲ. ಇವರು ಅದನ್ನೆಲ್ಲ ನೋಡಿ ಚಾವಿ ಹೊತ್ತು ಹೊರಟುಬಿಡುತ್ತಿದ್ದರು.

ಹತ್ತೊಂಬತ್ತನೇ ದಿನ ಮೇಲಿನ ಬೀದಿಯವರನ್ನು ಅವರವರ ಜಾಗಕ್ಕೆ ಬಿಟ್ಟರು. ಬೆಳಿಗ್ಗೆ ನಾನೂ ಅತ್ತಿಗೆಯೂ ಮೂಗಿಗೆ ಬಟ್ಟೆ ಕಟ್ಟಿಕೊಂಡು ಜರಡಿ ತೆಗೆದುಕೊಂಡು ಹೋದೆವು. ಬೂದಿ ಮೊಳಕಾಲುದ್ದ ಇತ್ತು. ಅಡುಗೆಮನೆ ಎಲ್ಲಿ, ಮಲಗುವ ಕೋಣೆ ಎಲ್ಲಿ ಎಂದು ಅಂದಾಜಿನಲ್ಲಿ ನಿಂತೆವು. ಕತ್ತರಿ ಸಿಕ್ಕಿತು, ಹಿಡಿ ಕರಗಿತ್ತು. ಹೊಲಿಗೆಯ ಸೂಜಿಗಳೆಲ್ಲ ಒಂದೇ ಮುದ್ದೆ. ಆಮೇಲೆ ಅಂಗಳದ ಆಚೆ, ಗೋಡೆಯ ಬುಡದಲ್ಲಿ, ಪೈಪಿನ ತುದಿಯ ಹಿತ್ತಾಳೆ ಮೂತಿ ಸಿಕ್ಕಿತು. ಆಂಟೆನಾ ಕಂಬ ಇನ್ನೊಂದು ಕಡೆ ಬಿದ್ದಿತ್ತು.

"ನೋಡು, ಇಷ್ಟು ದೂರ ಬಿದ್ದಿದೆ. ಜಾರಿದೆ ಅಂತ ನಾನು ಹೇಳ್ಲಿಲ್ವಾ?" ಅಂದರು.

ಚಾವಣಿಯೇ ಕುಸಿದಿದೆ, ಪೈಪೇ ಸುಟ್ಟಿದೆ, ಮೂತಿ ಎಲ್ಲಿ ಬೇಕಾದರೂ ಉರುಳಬಹುದು ಎಂದೆ. ಅವರ ಕಿವಿಗೆ ಅದು ಹೋಗಲಿಲ್ಲ.

ಅತ್ತಿಗೆ ಮನೆಗೆ ಬಂದವರೇ ಕೈಯನ್ನೂ ತೊಳೆಯದೆ ಪ್ರೆಸ್ಸಿಗೆ ಫೋನು ಮಾಡಿದರು. ಇವರು ಮೇಜಿನ ಹತ್ತಿರ ಕೂತು ಚಹಾ ಕುಡಿಯುತ್ತಿದ್ದರು. ಕೆಲಸಕ್ಕೆ ಬನ್ನಿ, ಪ್ರೆಸ್ಸಿನ ಮೇಲಿನ ಕೋಣೆಯೂ ಖಾಲಿ ಇದೆ ಎಂದು ಮಾಲೀಕ ಎರಡು ವಾರದಿಂದ ಕರೆಯುತ್ತಿದ್ದ.

"ಇಲ್ಲಪ್ಪ, ಬೇರೆ ಯಾರನ್ನಾದ್ರೂ ನೋಡ್ಕೋ," ಎಂದರು ಅತ್ತಿಗೆ. "ನನ್ನ ಕೈ ಮುಗೀತು. ಸ್ವಂತ ಮನೆ ಉಳಿಸೋ ಒಂದು ಗಂಟು ಹಾಕೋಕಾಗ್ಲಿಲ್ಲ, ಇನ್ನು ಊರವರ ಪುಸ್ತಕ ಏನು ಹೊಲೀಲಿ."

ಇವರು ಲೋಟ ಕೆಳಗಿಟ್ಟರು.

"ಅಕ್ಕಾ, ಫೋನ್ ಇಡು."

"ಮಾತಾಡ್ತಿದೀನಿ ಕಣೋ."

"ಇಡು ಅಂದೆ. ನಿನ್ನ ಗಂಟು ಬಿಚ್ಚಿಲ್ಲ. ನೀರೇ ನಿಂತಿತ್ತು. ಮೇಲಿನ ಬೀದಿ ವಾಲ್ವ್ ಮುಚ್ಚಿದ್ದು ನಾನು."

ಅತ್ತಿಗೆ ಫೋನನ್ನು ಮಡಿಲಲ್ಲಿ ಇಟ್ಟುಕೊಂಡರು. ಒಳಗಿನಿಂದ ಮಾಲೀಕ ಹಲೋ ಹಲೋ ಎನ್ನುತ್ತಲೇ ಇದ್ದ.

"ಯಾಕೆ ಮುಚ್ಚಿದೆ?"

"ಕೆಳಗೆ ಆಸ್ಪತ್ರೆ ಹತ್ರ ಫೈರ್ ಎಂಜಿನ್ ನಿಂತಿತ್ತು. ಎರಡೂ ಬೀದಿಗೆ ಸಾಲೋಷ್ಟು ನೀರಿರ್ಲಿಲ್ಲ."

"ಅಷ್ಟು ದೊಡ್ಡ ಟ್ಯಾಂಕಲ್ಲಿ ನೀರ್ಯಾಕಿರ್ಲಿಲ್ಲ?"

ಈಗ ಹೇಳುತ್ತಾರೆ ಎಂದು ನಾನು ಕಾದೆ. ನೀವೇ ನಲವತ್ತೊಂದು ಮನೆಯವರು ಟ್ಯಾಪು ಬಿಟ್ಟು ಹೋದಿರಿ, ನೀರೆಲ್ಲ ಅಲ್ಲೇ ಹರಿದುಹೋಯಿತು ಎಂದು ಹೇಳಲೇಬೇಕಿತ್ತು. ಇವರು ಅಕ್ಕನ ಮಸಿ ಹತ್ತಿದ ಕೈಗಳನ್ನು ನೋಡಿದರು.

"ಬೆಳಿಗ್ಗೆ ನಾನು ತುಂಬಿಸಿರ್ಲಿಲ್ಲ," ಎಂದರು. "ಆಮೇಲೆ ತುಂಬಿಸಿದ್ರಾಯ್ತು ಅಂತ ಬಿಟ್ಟಿದ್ದೆ."

"ಸುಳ್ಳು," ಎಂದು ನಾನು ಬಾಯಿ ತೆರೆದೆ. "ಅತ್ತಿಗೆ, ಟ್ಯಾಂಕು..."

"ನೀನು ಸುಮ್ನಿರು."

ಮದುವೆಯಾದಾಗಿನಿಂದ ಆ ದನಿಯನ್ನು ನಾನು ಕೇಳಿರಲಿಲ್ಲ.

ಅತ್ತಿಗೆ ಕೇಳಿದ್ದು ಒಂದೇ ಮಾತು.

"ಹಾಗಾದ್ರೆ ಗಂಟು ಸರಿಯಾಗಿತ್ತು?"

"ಸರಿಯಾಗಿತ್ತು."

ಫೋನೆತ್ತಿ ಮಾಲೀಕನಿಗೆ, ಇವತ್ತೇ ಬರುತ್ತೇನೆ, ಮೇಲಿನ ಕೋಣೆ ಗುಡಿಸಿಡಿಸು ಎಂದರು. ಎದ್ದು ಹೋಗಿ ಸೋಪು ಹಾಕಿ ಮೊಣಕೈವರೆಗೆ ತೊಳೆದುಕೊಂಡರು. ಯಾರೋ ದಾನ ಕೊಟ್ಟಿದ್ದ ಎರಡು ಜೊತೆ ಬಟ್ಟೆಯನ್ನು ಚೀಲಕ್ಕೆ ತುಂಬಿ, ಬಾಯನ್ನು ದಾರದಿಂದ ಕಟ್ಟಿದರು. ಒಂದೇ ಸಲಕ್ಕೆ ಕಟ್ಟಿದರು, ಬಿಚ್ಚಿ ನೋಡಲಿಲ್ಲ. ತಮ್ಮನ ಪಕ್ಕದಲ್ಲೇ ಹಾದು ಬಾಗಿಲು ದಾಟಿದರು. ಹೋಗಿ ಬರುತ್ತೇನೆ ಎನ್ನಲಿಲ್ಲ.

ನಾನು ಚೀಲ ಹಿಡಿದು ಬಸ್ ಸ್ಟಾಪಿನವರೆಗೆ ಹೋದೆ. ದಾರಿಯುದ್ದಕ್ಕೂ ನಿಜ ನನ್ನ ನಾಲಗೆಯ ತುದಿಯಲ್ಲೇ ಇತ್ತು. ಮಾತನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಜಾಯಮಾನ ನನ್ನದಲ್ಲ. ಆದರೆ ಅತ್ತಿಗೆ ಹತ್ತೊಂಬತ್ತು ದಿನದ ಮೇಲೆ ನೆಟ್ಟಗೆ ನಡೆಯುತ್ತಿದ್ದರು.

"ಇಷ್ಟು ದಿನ ನನ್ನ ಮೇಲೆ ನನಗೇ ಸಿಟ್ಟಿತ್ತು," ಅಂದರು. "ತಿಂದಿದ್ದು ಮೈಗೆ ಹತ್ತುತ್ತಿರ್ಲಿಲ್ಲ. ಅವನ ಮೇಲೆ ಸಿಟ್ಟು ಮಾಡ್ಕೊಳ್ಳೋದು ಸುಲಭ. ಚಿಕ್ಕಂದಿನಿಂದ ರೂಢಿ ಇದೆ."

ಸ್ಟಾಪಿನಲ್ಲಿ ಅವರ ಪಕ್ಕದ ಮನೆಯ ಟೀಚರ್ ನಿಂತಿದ್ದರು. ಅವರದೂ ಎಲ್ಲ ಹೋಗಿದೆ. ಅತ್ತಿಗೆ ನನ್ನ ಎದುರಿಗೇ ಅವರಿಗೆ ಹೇಳಿದರು: ಟ್ಯಾಂಕು ತುಂಬಿಸಿರಲಿಲ್ಲವಂತೆ, ವಾಲ್ವು ಮುಚ್ಚಿದನಂತೆ, ನನ್ನ ತಮ್ಮನೇ. ಟೀಚರ್ ಮುಖ ಕೆಂಪಾಯಿತು.

"ನಾವು ಬಚ್ಚಲಲ್ಲಿ, ಹಿತ್ತಿಲಲ್ಲಿ ಎಲ್ಲಾ ಕಡೆ ನೀರು ಬಿಟ್ಟು ಬಂದಿದ್ವಿ," ಎಂದರು. "ಯಾವುದಾದ್ರೂ ಟ್ಯಾಪ್ ಮರೆತ್ನಾ ಅಂತ ದಿನಾ ಲೆಕ್ಕ ಹಾಕ್ತಿದ್ದೆ. ಹೀಗಾ ವಿಷಯ?"

ಬಸ್ಸು ಬಂತು. ಹುಷಾರು ಅತ್ತಿಗೆ ಎಂದಷ್ಟೇ ಹೇಳಿ ಚೀಲ ಕೊಟ್ಟೆ. ಟೀಚರ್ ಬಸ್ಸು ಹತ್ತಲಿಲ್ಲ. ಫೋನು ಕಿವಿಗೆ ಹಿಡಿದು ಶಾಲೆಯ ಕಡೆಗೆ ಹೊರಟರು. ಮೇಲಿನ ಬೀದಿಯ ಅರ್ಧ ಜನ ಇನ್ನೂ ಮಲಗುವುದು ಆ ಶಾಲೆಯಲ್ಲೇ.

ನಾನು ಮನೆಗೆ ಬಂದಾಗ ಇವರು ಅದೇ ಕುರ್ಚಿಯಲ್ಲಿದ್ದರು. ಚಹಾ ಹಾಗೇ ಇತ್ತು.

"ಹೇಳಿಬಿಟ್ಯಾ?"

"ಇಲ್ಲ," ಎಂದೆ. "ಟೀಚರ್‌ಗೆ ಗೊತ್ತಾಯ್ತು. ಇನ್ನರ್ಧ ಗಂಟೇಲಿ ಇಡೀ ಬೀದಿಗೆ ಗೊತ್ತಾಗತ್ತೆ. ಇಪ್ಪತ್ತಾರು ವರ್ಷದ ಹೆಸರಿಗೆ ಮಸಿ ಬಳ್ಕೊಂಡ್ರಲ್ಲ. ನಾಳೆ ಅವರೆಲ್ಲ ಮುಖಕ್ಕೆ ಉಗೀತಾರೆ."

"ಉಗೀಲಿ."

"ಅಕ್ಕನಿಗೋಸ್ಕರ ಸರಿ. ಮಿಕ್ಕ ನಲವತ್ತು ಮನೆಯವರು ನಿಮಗೇನಾಗ್ಬೇಕು?"

"ಅವರೂ ಟ್ಯಾಪ್ ಬಿಟ್ಟು ಹೋದವರೇ ಅಲ್ವೇನೇ?" ಎಂದರು. "ನಿಮ್ಮ ಮನೆ ನೀವೇ ಸುಟ್ಕೊಂಡ್ರಿ ಅಂತ ಅವರಿಗೆ ಹೇಳೋಕೆ ನನ್ನ ಕೈಲಾಗಲ್ಲ. ಬೈಯೋಕೆ ಒಬ್ಬ ಇರ್ಲಿ."

ಇನ್ನೂ ಬೈಯುವವಳಿದ್ದೆ. ಅಷ್ಟರಲ್ಲಿ ಗೇಟಿನ ಹತ್ತಿರ ಜನ ಸೇರುವ ಸದ್ದಾಯಿತು, ಬಾಗಿಲು ಬಡಿದರು. ನಾನು ಅಡ್ಡ ಹೋಗಿ ನಿಂತೆ. ಇವರು ನನ್ನ ಭುಜ ಹಿಡಿದು ಪಕ್ಕಕ್ಕೆ ಸರಿಸಿ, ಅಂಗಿಯ ಗುಂಡಿ ಹಾಕಿಕೊಂಡು, ತಾವೇ ಹೋಗಿ ಬಾಗಿಲು ತೆರೆದರು.