ಮರಳಲ್ಲಿ ಹೂತ ಫೋರ್ ವೀಲ್

ನನ್ನ ಗಂಡ ರತ್ನಾಕರರಿಗೆ ಕಾಯುವುದು ಅಂದರೆ ಆಗದು. ಅನ್ನ ಇನ್ನೂ ಒಲೆಯ ಮೇಲಿರುವಾಗಲೇ ಬಟ್ಟಲು ಹಿಡಿದು ಕೂರುತ್ತಾರೆ. ನಾನು ಬಡಿಸಿಕೊಂಡು ಕೂರುವಷ್ಟರಲ್ಲಿ ಕೈ ತೊಳೆದು ಜೀಪಿನ ಹತ್ತಿರ ನಿಂತಿರುತ್ತಾರೆ. ಕೊಲ್ಲೂರಿನಿಂದ ಕೊಡಚಾದ್ರಿಗೆ ಯಾತ್ರಿಕರನ್ನು ಹತ್ತಿಸುವ ಜೀಪು ಅವರದು. ಆ ಗುಡ್ಡದ ದಾರಿಯಲ್ಲಿ ಕೆಸರು ಸಿಕ್ಕರೆ ನಾಲ್ಕೂ ಚಕ್ರ ಎಳೆಯುವ ಫೋರ್ ವೀಲ್ ಗೇರು ಹಾಕಿ, ಆಕ್ಸಿಲರೇಟರ್ ಒತ್ತಿ, ಒಂದೇ ಉಸಿರಿಗೆ ದಾಟಿಸಿಬಿಡಬೇಕಂತೆ. ಅನುಮಾನಿಸಿ ನಿಂತವನು ಕೆಟ್ಟ. ಗುಡ್ಡದಲ್ಲಿ ಅದು ಸರಿಯೇ ಇರಬಹುದು. ಇವರು ಮನೆಯಲ್ಲೂ ಹಾಗೇ ಬದುಕುವವರು, ಅದೇ ನನ್ನ ಸಂಕಟ.

ಎರಡು ಸಾವಿರದ ಎಂಟನೇ ಇಸವಿಯ ಒಂದು ಸಂಕಷ್ಟಿಯ ದಿನ ನಾವಿಬ್ಬರೂ ಕುಂಭಾಶಿಯ ಆನೆಗುಡ್ಡೆ ದೇವಸ್ಥಾನಕ್ಕೆ ಹೋಗಿದ್ದೆವು. ಪೂಜೆ ಮುಗಿಸಿ ಹೊರಗೆ ಬಂದ ಮೇಲೆ, ಮರೆತಿದ್ದ ಪಂಚಕಜ್ಜಾಯ ತರಲು ನಾನು ಒಳಗೆ ಹೋದೆ. ಬರುವಷ್ಟರಲ್ಲಿ ಜೀಪಿಲ್ಲ. ನಾನು ಹಿಂದೆ ಹತ್ತಿ ಕೂತಿದ್ದೇನೆ ಅಂದುಕೊಂಡು ಈ ಮಹಾರಾಯರು ಬಸ್ರೂರಿನ ಮನೆಯವರೆಗೂ ಹೋಗಿದ್ದರು. ದಾರಿಯುದ್ದಕ್ಕೂ ನನ್ನ ಹತ್ತಿರ ಮಾತಾಡಿಕೊಂಡೇ ಹೋಗಿದ್ದರಂತೆ! ಹೂವಿನಂಗಡಿಯವಳು ಬಾಯಿಗೆ ಸೆರಗು ಒತ್ತಿ ನಗುತ್ತಿದ್ದಳು. ನಾನು ಬಸ್ರೂರಿಗೆ ಹೋಗಲಿಲ್ಲ. ಬೀಜಾಡಿಯ ಕಡಲತಡಿಯಲ್ಲಿರುವ ತವರುಮನೆಗೆ ಬಂದುಬಿಟ್ಟೆ.

ಮರೆತು ಹೋದದ್ದಕ್ಕೆ ಅಷ್ಟೊಂದು ಸಿಟ್ಟಿರಲಿಲ್ಲ. ಅಷ್ಟು ದೂರ ಮಾತಾಡಿದವರಿಗೆ ಒಂದು ಮಾತಿಗೂ ಉತ್ತರ ಬರಲಿಲ್ಲ ಅಂತ ತಿಳಿಯಲಿಲ್ಲವಲ್ಲ, ಅದು ನನ್ನನ್ನು ಸುಟ್ಟಿತು. ನಾನಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಮರುವಾರ ಇವರು ತವರಿನ ಗೇಟಿನ ಹತ್ತಿರ ಬಂದು, ಎಂಜಿನ್ ಆಫ್ ಮಾಡದೆಯೇ ಹಾರ್ನ್ ಹಾಕಿದರು. ನಾನು ಹೊರಗೆ ಹೋಗಲಿಲ್ಲ. ಇನ್ನೊಂದು ಸಲ ಹಾರ್ನ್ ಹಾಕಿ ಹೊರಟೇ ಹೋದರು. ಬಾಗಿಲ ಹಿಂದೆ ನಿಂತು ಮೂರನೇ ಹಾರ್ನಿಗೆ ಕಾದವಳು ನಾನು.

ಅಷ್ಟರಲ್ಲಿ ಮುಂಬಯಿಯ ಹೋಟೆಲಿನಲ್ಲಿ ಕೆಲಸ ಮಾಡುವ ನನ್ನ ತಮ್ಮ ನಿತೇಶ್ ರಜೆಗೆ ಬಂದ. ಅಕ್ಕ, ನನ್ನೊಟ್ಟಿಗೆ ಬಾ, ಅಲ್ಲಿ ಹೊಲಿಗೆ ಗೊತ್ತಿದ್ದವರಿಗೆ ಕೆಲಸಕ್ಕೆ ಬರವಿಲ್ಲ ಅಂದ. ನಾನು ಹ್ಞೂಂ ಅಂದುಬಿಟ್ಟೆ. ಅಮ್ಮ ಬೈದಳು, ಅತ್ತಳು, ಆಮೇಲೆ ದಾರಿಗೆ ಅಂತ ಒಣಸಿಗಡಿ ಚಟ್ನಿ ಮಾಡಲು ಕೂತಳು. ಹೊರಡುವ ದಿನ ಬೆಳಿಗ್ಗೆಯಿಂದ ನನಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಬ್ಯಾಗಿನ ಬಟ್ಟೆ ತೆಗೆದು ಮತ್ತೆ ಮಡಚಿದೆ. ಗುಡಿಸಿದ ಅಂಗಳವನ್ನೇ ಇನ್ನೊಮ್ಮೆ ಗುಡಿಸಿದೆ. ಹೋದರೆ ಮತ್ತೆ ಬಸ್ರೂರಿನ ಮನೆಗೆ ಕಾಲಿಡುವವಳಲ್ಲ ಅನ್ನುವುದು ನನಗೆ ಗೊತ್ತಿತ್ತು. ಬಸ್ಸು ಕೋಟೇಶ್ವರಕ್ಕೆ ಬರುವುದು ಮಧ್ಯಾಹ್ನದ ಮೇಲೆ.

ಊಟವಾಗಿ ಕೈ ಒರೆಸುವಾಗ ಕಡಲಿನ ಕಡೆಯಿಂದ ಎಂಜಿನ್ ಕಿರುಚುವುದು ಕೇಳಿತು. ಆ ಕಿರುಚಾಟ ಯಾವ ಜೀಪಿನದು ಅಂತ ನಿದ್ದೆಯಲ್ಲೂ ಹೇಳಬಲ್ಲೆ. ನಮ್ಮ ಮನೆಯ ಓಣಿಯನ್ನು ಮೋರಿ ಕಟ್ಟಲು ಅಗೆದು ಹಾಕಿದ್ದರು. ನಾನು ಮುಂಬಯಿಗೆ ಹೊರಟ ಸುದ್ದಿ ಅವರಿಗೆ ಯಾರೋ ಮುಟ್ಟಿಸಿದ್ದರು. ಓಣಿಯ ಬಾಯಲ್ಲಿ ಜೀಪು ಬಿಟ್ಟು ನಡೆದು ಬರಬಹುದಿತ್ತು, ಐದು ನಿಮಿಷದ ದಾರಿ. ಆದರೆ ಫೋರ್ ವೀಲ್ ಇರುವ ಮನುಷ್ಯ ನಡೆಯುತ್ತಾನೆಯೇ? ಮೀನು ಇಳಿಸುವ ಜಾಗದಲ್ಲಿ ಕಡಲತಡಿಗೆ ಇಳಿದು, ಮರಳಿನ ಮೇಲೇ ಬಂದಿದ್ದರು.

ನಿತೇಶ್ ಹೋಗಬೇಡ ಅಂದ. ಹೋಗುತ್ತಾ ಒಂದು ಮಾತು ಹೇಳಿಯೇ ಹೋಗುತ್ತೇನೆ ಅಂತ ಬ್ಯಾಗ್ ಹಿಡಿದುಕೊಂಡು ಹೊರಟೆ. ಹೇಳಬೇಕಾದ ಮಾತನ್ನು ಎಷ್ಟೋ ದಿನದಿಂದ ಮನಸ್ಸಿನಲ್ಲೇ ತಿದ್ದಿ ಇಟ್ಟುಕೊಂಡಿದ್ದೆ.

ಜೀಪು ನಾಲ್ಕೂ ಚಕ್ರ ಅರ್ಧಕ್ಕೆ ಹೂತು, ಹೊಟ್ಟೆ ಮರಳಿಗೆ ತಾಗಿ ಕೂತಿತ್ತು. ಉಬ್ಬರ ಏರುತ್ತಿತ್ತು, ದೊಡ್ಡ ಅಲೆ ಬಂದರೆ ನೊರೆ ಹಿಂದಿನ ಚಕ್ರದ ಹತ್ತಿರಕ್ಕೇ ಬರುತ್ತಿತ್ತು. ಇವರು ಒಳಗೆ ಕೂತು ಗುಡ್ಡದ ಕೆಸರಿನಲ್ಲಿ ಒತ್ತಿದ ಹಾಗೆ ಒತ್ತುತ್ತಿದ್ದರು. ಒತ್ತಿದಷ್ಟೂ ಚಕ್ರ ಕೆಳಗೆ ತೋಡಿಕೊಂಡು ಹೋಗುತ್ತಿತ್ತು. ಬೆವರು ಇಳಿದ ಮುಖ ಹೊರಗೆ ಹಾಕಿ ನನ್ನನ್ನು ಕಂಡರು. ತಿಂಗಳ ಮೇಲೆ ಹೆಂಡತಿಯನ್ನು ಕಂಡವರು ಏನಾದರೂ ಹೇಳುತ್ತಾರೆ ಅಂತ ನಿಂತೆ.

"ಮನಿಯಂಗೆ ಹಲಗಿ ಇತ್ತಾ?" ಅಂದರು.

ತಿದ್ದಿ ಇಟ್ಟಿದ್ದ ಮಾತೆಲ್ಲ ಮರೆತೇ ಹೋಯಿತು. ನಗು ಬಂತೋ ಅಳು ಬಂತೋ, ಸಿಟ್ಟಂತೂ ಬಂತು. ಬ್ಯಾಗನ್ನು ಜೀಪಿನ ಹಿಂದಿನ ಸೀಟಿಗೆ ಎಸೆದು, ಮನೆಗೆ ಓಡಿ, ಹಲಗೆ ಸಿಗದೆ, ಚಕ್ರದಡಿ ಇಡಲು ಅಂಗಳದಲ್ಲಿದ್ದ ತೆಂಗಿನ ಮಡಲು ಎಳೆದು ತಂದೆ. ನಾನೂ ಹಿಂದೆಯೇ ಬಂದ ನಿತೇಶನೂ ಕೈಯಲ್ಲಿ ಮರಳು ಬಗೆದೆವು. ಬಗೆದಷ್ಟೇ ಬೇಗ ಅದು ಜಾರಿ ತುಂಬುತ್ತಿತ್ತು. ಮಡಲು ಇಟ್ಟ ಕೂಡಲೇ ಇವರು ಒತ್ತಿದರು, ಮಡಲು ಪುಡಿಯಾಗಿ ಹಿಂದಕ್ಕೆ ಹಾರಿತು.

ಸ್ವಲ್ಪ ಆಚೆ ನಮ್ಮೂರಿನ ಕೈರಂಪಣಿಯ ಮೀನುಗಾರರು ದಡದಲ್ಲಿ ನಿಂತು ಬಲೆ ಎಳೆಯುತ್ತಿದ್ದರು. ಬಲೆಯ ಹಗ್ಗದ ಎರಡು ತುದಿಗೆ ಎರಡು ಸಾಲು ಜನ. ಇವರು ಅಲ್ಲಿಗೆ ಓಡಿ, ಒಂದು ಗಳಿಗೆ ಬಂದು ಎಳೆದುಕೊಡಿ ಅಂತ ಕೇಳಿದರು. ಬಲೆ ನೀರಿನಲ್ಲಿರುವಾಗ ಹಗ್ಗ ಬಿಟ್ಟು ಯಾರು ಬರುತ್ತಾರೆ? ಅವರ ಹಿರಿಯ ಪಾಂಡಣ್ಣ ಕತ್ತು ತಿರುಗಿಸದೆಯೇ ಹೇಳಿದ, ನೀನೂ ಕೈ ಹಾಕು, ಬಲೆ ಬೇಗ ಬಂದರೆ ನಾವೂ ಬೇಗ ಬರುತ್ತೇವೆ.

ಇವರು ಕೈ ಹಾಕಿದರು. ನಾನು ನಿಂತು ನೋಡಿದೆ. ಎಲ್ಲರೂ ಹೆಜ್ಜೆ ಊರಿ, ಸೊಂಟ ಹಿಂದಕ್ಕೆ ಬಿಟ್ಟು, ಒಟ್ಟಿಗೆ ಎಳೆದು, ಒಟ್ಟಿಗೆ ನಿಲ್ಲುತ್ತಿದ್ದರು. ಇವರೊಬ್ಬರೇ ಮಧ್ಯೆ ಮಧ್ಯೆ ಜಗ್ಗಿ, ಹಿಂದಿದ್ದವನ ಕಾಲು ತುಳಿದು, ಬೈಸಿಕೊಂಡರು. ಎಳೆಯುತ್ತಾ ಒಂದು ಕಣ್ಣು ಜೀಪಿನ ಮೇಲೆ, ಒಂದು ಕಣ್ಣು ನನ್ನ ಮೇಲೆ. ಅಲೆ ಚಕ್ರ ಮುಟ್ಟಿದಾಗಲೆಲ್ಲ ಅವರ ಮುಖ ಸಣ್ಣದಾಗುತ್ತಿತ್ತು. ಆ ಜೀಪು ಉಪ್ಪುನೀರು ಕುಡಿದರೆ ಅವರ ಅನ್ನವೇ ಹೋದಂತೆ. ಪಾಪ ಅನ್ನಿಸಿತು. ಅನ್ನಿಸಿದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು.

ನಿತೇಶ್ ಗಡಿಯಾರ ನೋಡಿಕೊಳ್ಳುತ್ತಿದ್ದ. ಕೊನೆಗೆ, ನಾನು ರಿಕ್ಷಾದಲ್ಲಿ ಹೋಗಿ ಬಸ್ಸನ್ನು ನಿಲ್ಲಿಸಿಕೊಂಡಿರುತ್ತೇನೆ, ನೀನು ಬರುವುದಾದರೆ ಬೇಗ ಬಾ, ಬಾರದಿದ್ದರೆ ಅದನ್ನೂ ಈಗಲೇ ಹೇಳು ಅಂದ. ಬರುತ್ತೇನೆ ಅಂದೆ. ಅವನು ಓಣಿಯ ಕಡೆ ನಡೆದ.

ಬಲೆ ದಡಕ್ಕೆ ಬಂತು. ಮೀನು ಹೆಕ್ಕುವುದನ್ನು ಹೆಂಗಸರಿಗೆ ಬಿಟ್ಟು ಪಾಂಡಣ್ಣನೂ ಅವನ ಜನವೂ ಹಗ್ಗ ಹೊತ್ತು ಬಂದರು. ಚಕ್ರದ ಮುಂದೆ ಮರಳು ಇಳಿಜಾರಾಗಿ ತೋಡಿ, ಹರಿದ ಹಳೆಯ ಬಲೆ ಹಾಸಿ, ಹಗ್ಗವನ್ನು ಜೀಪಿನ ಮುಂದಿನ ಕೊಕ್ಕೆಗೆ ಬಿಗಿದರು. ಇವರು ಹಾರಿ ಸೀಟಿನಲ್ಲಿ ಕೂತರು. ಪಾಂಡಣ್ಣ ಇನ್ನೂ ಕೂಗು ಕೊಡುವ ಮೊದಲೇ ಎಂಜಿನ್ ಅರಚಿತು. ಚಕ್ರ ಬಲೆಯನ್ನು ಸುತ್ತಿಕೊಂಡಿತು. ಹಿಂದೆ ನಿಂತು ದೂಡುತ್ತಿದ್ದವರ ಬಾಯಿ ಕಣ್ಣಿಗೆಲ್ಲ ಮರಳು. ಎರಡನೇ ಸಲವೂ ಹಾಗೇ ಆಯಿತು.

ಪಾಂಡಣ್ಣ ಬಂದು ಬಾಗಿಲು ತೆಗೆದ. "ಇಳಿ ಮಾರಾಯ. ನಿನ್ನ ಕಾಲ್ ಸುಮ್ನಿಪ್ಪುದಿಲ್ಲ. ಬೇರೆ ಯಾರಾರೂ ಕೂಕಣ್ಲಿ."

ಆದರೆ ಬೇರೆ ಯಾರು? ಅಷ್ಟು ಜನರಲ್ಲಿ ದೋಣಿ ಬಿಡುವವರೇ ಎಲ್ಲ, ಗಾಡಿ ಬಿಡುವವರು ಒಬ್ಬರೂ ಇಲ್ಲ. ಮದುವೆಯಾದ ಹೊಸದರಲ್ಲಿ ಬಸ್ರೂರಿನ ಗದ್ದೆಬಯಲಲ್ಲಿ ನನಗೆ ಇವರು ಒಂದು ವಾರ ಡ್ರೈವಿಂಗ್ ಕಲಿಸಿದ್ದರು. ಕಲಿಸಿದ್ದಕ್ಕಿಂತ ಕೂಗಿದ್ದೇ ಜಾಸ್ತಿ, ಹಾಗಾಗಿ ಬಿಟ್ಟಿದ್ದೆ. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ, ನಾನು ಕೂರುತ್ತೇನೆ ಅಂದೆ. ಇವರು ಬಾಯಿ ತೆರೆದರು. ನನ್ನ ಮುಖ ನೋಡಿ ಮುಚ್ಚಿಕೊಂಡರು. ಇಳಿದು, ಮುಂದೆ ಹೋಗಿ, ಸಾಲಿನ ಕೊನೆಯಲ್ಲಿ ಹಗ್ಗ ಹಿಡಿದು ನಿಂತರು.

ನಾನು ಸೀಟಿಗೆ ಹತ್ತಿ ಗೇರು ಹಾಕಿದೆ. ಪಾಂಡಣ್ಣ ಕೂಗು ಹಾಕಿದ. ಹಗ್ಗ ಬಿಗಿಯಾಯಿತು. ನಾನು ಮೊಟ್ಟೆಯ ಮೇಲೆ ಕಾಲಿಟ್ಟ ಹಾಗೆ ಒತ್ತಿ, ಕ್ಲಚ್ಚನ್ನು ಇಷ್ಟಿಷ್ಟೇ ಬಿಟ್ಟೆ. ಚಕ್ರ ಕಚ್ಚಿತು. ಕೂಗು, ಎಳೆತ, ಕೂಗು, ಎಳೆತ. ಇವರು ಈಗ ಎಲ್ಲರೊಟ್ಟಿಗೇ ಎಳೆಯುತ್ತಿದ್ದರು. ಜೀಪು ಒಮ್ಮೆ ಮೈ ಕೊಡವಿ ಮೇಲೆದ್ದಿತು. ಕೊಕ್ಕೆಯಿಂದ ಹಗ್ಗ ಕಳಚಿ, ಎಲ್ಲರೂ ಎರಡೂ ಬದಿಗೆ ಹಾರಿದರು.

"ನಿಲ್ಸ್ಬೇಡ ಪುಷ್ಪ, ನಿಲ್ರೆ ಮತ್ತೆ ಹೂತ್ಕಂತ್ತ್, ಹೋಯ್ತಾ ಇರ್!" ಇವರು ಕೂಗಿದರು.

ನಾನು ಹೋದೆ. ನೀರಂಚಿನ ಗಟ್ಟಿ ಮರಳು ಹಿಡಿದು, ಮೀನು ಇಳಿಸುವ ಜಾಗದಲ್ಲಿ ಮೇಲೆ ಹತ್ತಿ, ಡಾಂಬರು ರಸ್ತೆ ಮುಟ್ಟುವವರೆಗೂ ನಿಲ್ಲಿಸಲಿಲ್ಲ. ಅಲ್ಲಿ ನಿಲ್ಲಿಸಿದಾಗ ಸುತ್ತ ಯಾರೂ ಇರಲಿಲ್ಲ. ಬ್ಯಾಗ್ ಹಿಂದಿನ ಸೀಟಿನಲ್ಲಿ. ಕೋಟೇಶ್ವರಕ್ಕೆ ನೇರ ದಾರಿ. ಹೋಗಿಬಿಡಲೇ? ಬಸ್ಸು ಹತ್ತಿ, ಜೀಪಿನ ಕೀಲಿಯನ್ನು ಯಾವುದಾದರೂ ಅಂಗಡಿಯಲ್ಲಿ ಕೊಟ್ಟರಾಯಿತು. ಸತ್ಯ ಹೇಳುತ್ತೇನೆ, ಗೇರು ಹಾಕಿಯೂ ಆಗಿತ್ತು. ಆಗ ಕನ್ನಡಿಯಲ್ಲಿ ಇವರು ಓಡಿ ಬರುವುದು ಕಂಡಿತು. ಪ್ಯಾಂಟು ಮೊಣಕಾಲವರೆಗೆ ಒದ್ದೆ, ತಲೆಯೆಲ್ಲ ಮರಳು.

ಬಂದವರು ಅಭ್ಯಾಸಬಲದಿಂದ ಡ್ರೈವರ್ ಬಾಗಿಲಿಗೆ ಕೈ ಹಾಕಿದರು. ನಾನು ಜರುಗಲಿಲ್ಲ. ನಿತೇಶ್ ಕೋಟೇಶ್ವರದಲ್ಲಿ ಕಾಯುತ್ತಿದ್ದಾನೆ, ನನಗೆ ಬಸ್ಸಿಗೆ ಹೋಗಬೇಕು ಅಂದೆ. ಇವರು ಸುತ್ತಿ ಬಂದು ಎಡಗಡೆ ಕೂತರು. ದಾರಿಯುದ್ದಕ್ಕೂ ಮಾತಿಲ್ಲ. ಎದುರಿಗೆ ಸೈಕಲ್ ಬಂದಾಗಲೆಲ್ಲ ಇಲ್ಲದ ಬ್ರೇಕನ್ನು ಕಾಲಿನಿಂದ ಒತ್ತುತ್ತಿದ್ದರು. ಒಂದಾದರೂ ಮಾತು ಆಡುತ್ತಾರೇನೋ, ಹೋಗಬೇಡ ಅನ್ನುತ್ತಾರೇನೋ ಅಂತ ನನ್ನ ಕಿವಿಯೆಲ್ಲ ಆ ಕಡೆಗೇ ಇತ್ತು.

ಕೋಟೇಶ್ವರದಲ್ಲಿ ಹೈವೇ ದಾಟುವಾಗ ಸರಿಯಾಗಿ ನಡುರಸ್ತೆಯಲ್ಲಿ ಎಂಜಿನ್ ನಿಂತಿತು. ಕೀಲಿ ತಿರುಗಿಸಿದೆ, ಹೊತ್ತಲಿಲ್ಲ. ಬಲಗಡೆಯಿಂದ ಬಂದ ಒಂದು ದೊಡ್ಡ ಬಸ್ಸು ನಮ್ಮ ಮೈಮೇಲೇ ಬಂದ ಹಾಗೆ ನಿಂತು, ಹಾರ್ನ್ ಬಿಡದೆ ಒತ್ತಿತು. ಇನ್ನು ಇವರು ಕೂಗುತ್ತಾರೆ ಅಂತ ಹೆಗಲು ಮುದುಡಿ ಕೂತೆ.

ಕೂಗಿದರು. ಆದರೆ ನನಗಲ್ಲ. ಜೀಪಿನಿಂದ ಹಾರಿ ಬಸ್ಸಿನ ಎದುರು ಹೋಗಿ ನಿಂತು, ಬಸ್ರೂರಿನ ಬಯಲಲ್ಲಿ ನನಗೆ ಕೂಗುತ್ತಿದ್ದ ಅದೇ ದನಿಯಲ್ಲಿ ಕೂಗಿದರು. "ಎಂತಕ್ಕೆ ಹಾರ್ನ್ ಹಾಕ್ತ್ರಿ? ಹಾರ್ನ್ ಹಾಕ್ರೆ ಸ್ಟಾರ್ಟ್ ಆತ್ತಾ? ನನ್ನ ಹೆಂಡ್ತಿ ಗಾಡಿ ಕಲೀತಾ ಇತ್ತ್. ಅದ್ ಸ್ಟಾರ್ಟ್ ಮಾಡು ತನಕ ಕಾಯಿನಿ. ನಾನ್ ಕಾಯ್ತಿಲ್ಯಾ?"

ಹಾರ್ನ್ ನಿಂತಿತು. ಆಗ ಇವರ ಕಣ್ಣು ಬಸ್ಸಿನ ಹಣೆಯ ಬೋರ್ಡಿಗೆ ಹೋಯಿತು. ಮುಂಬಯಿ. ರಸ್ತೆಯ ಆಚೆ ಬದಿಯಿಂದ ನಿತೇಶ್ ಕೈ ಬೀಸುತ್ತಾ ಓಡಿ ಬರುತ್ತಿದ್ದ.

ಇವರು ಸ್ವಲ್ಪ ಹೊತ್ತು ಆ ಬೋರ್ಡನ್ನೇ ನೋಡುತ್ತಾ ನಿಂತರು. ಆಮೇಲೆ ತಿರುಗಿ ಬಂದು, ಹಿಂದಿನ ಸೀಟಿನಿಂದ ನನ್ನ ಬ್ಯಾಗ್ ತೆಗೆದು, ಮರಳು ಕೊಡವಿ, ಕೈಯಲ್ಲಿ ಹಿಡಿದು ಜೀಪಿನ ಪಕ್ಕ ನಿಂತರು. ಬಾ ಅನ್ನಲಿಲ್ಲ, ಹೋಗು ಅನ್ನಲಿಲ್ಲ. ಹಿಂದೆ ಲಾರಿಗಳು ಸಾಲುಗಟ್ಟಿದವು. ಯಾರ್ಯಾರೋ ಬೈಯುತ್ತಿದ್ದರು. ಜನ್ಮದಲ್ಲಿ ಮೊದಲ ಸಲ ಆ ಮನುಷ್ಯನಿಗೆ ಅವಸರ ಇರಲಿಲ್ಲ. ಕಣ್ಣು ಮಾತ್ರ ನನ್ನ ಮುಖ ಬಿಟ್ಟು ಕದಲಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ. ನನ್ನನ್ನು ಇಷ್ಟು ಹೊತ್ತು ಅವರು ಯಾವತ್ತೂ ನೋಡಿದ್ದಿಲ್ಲ.

ಕೀಲಿ ತಿರುಗಿಸಿದೆ. ಈ ಸಲ ಹೊತ್ತಿಕೊಂಡಿತು. ಜೀಪನ್ನು ರಸ್ತೆ ದಾಟಿಸಿ ಬದಿಗೆ ನಿಲ್ಲಿಸಿ, ಬಾಗಿಲಿಗೆ ಬಂದ ನಿತೇಶನಿಗೆ, ನೀನು ಹೋಗು ಮಗಾ, ಮುಟ್ಟಿದ ಮೇಲೆ ಫೋನ್ ಮಾಡು ಅಂದೆ. ಅವನು ನನ್ನನ್ನೂ, ನಡುರಸ್ತೆಯಲ್ಲಿ ಬ್ಯಾಗ್ ಹಿಡಿದು ನಿಂತ ಬಾವನನ್ನೂ ನೋಡಿ, ತಲೆ ಚಚ್ಚಿಕೊಂಡು ಬಸ್ಸು ಹತ್ತಿದ.

ಬಸ್ಸು ಹೋಯಿತು. ಇವರು ಇನ್ನೂ ಅಲ್ಲೇ, ಬ್ಯಾಗನ್ನು ಎದೆಗೆ ಅವಚಿಕೊಂಡು. ಲಾರಿಗಳು ಅಡ್ಡ ಬಂದು ಜೀಪು ಕಾಣದೆ, ನಾನು ಬಸ್ಸಿನೊಳಗೆ ಇದ್ದೇನೋ ಇಲ್ಲವೋ ಅಂತ ಗೊತ್ತಾಗದೆ ಅದರ ಬೆನ್ನನ್ನೇ ನೋಡುತ್ತಿದ್ದರು. ನಾನು ಕರೆದದ್ದು ಲಾರಿಗಳ ಸದ್ದಿನಲ್ಲಿ ಅವರಿಗೆ ಕೇಳಲಿಲ್ಲ. ಮತ್ತೆ ಕರೆದೆ. ಕೊನೆಗೆ ಕೋಟೇಶ್ವರದ ಪೇಟೆಯೇ ತಿರುಗಿ ನೋಡುವ ಹಾಗೆ ಕೂಗಬೇಕಾಯಿತು.

"ಹ್ವಾಯ್, ನಾನ್ ಇಲ್ಲಿದ್ದೆ. ಬನಿ, ಮನಿಗೆ ಹೋಪ."